ಹೆಲ್ಮೆಟ್ ಹಾಕಿಕೊಂಡರೆ ನಂಬಿಕೆ ಕಡಿಮೆ ಅಂತನಾ?

ಪ್ರಶ್ನೆ: ನಾನು ಬಳ್ಳಾರಿ ಕೌಲ್‌ಬಜಾರ್‌ನವಳು. ಗಾಂಧಿನಗರದ ಕಡೆ ಒಂದು ಲ್ಯಾಬ್‌ನಲ್ಲಿ ಕೆಲಸ. ದಿನಾ ಸೈಕಲ್ ಮೇಲೆ ಹೋಗಿ ಬರುತ್ತೇನೆ. ವಾಪಸ್ ಬರುವಾಗ ರಾತ್ರಿ ಎಂಟಾಗುತ್ತದೆ. ಹೋದ ತಿಂಗಳು ಸರ್ಕಲ್‌ನಲ್ಲಿ ಒಂದು ಟಿಪ್ಪರ್ ಎಡಕ್ಕೆ ತಿರುಗುವಾಗ ನನ್ನ ಹ್ಯಾಂಡಲ್‌ಗೆ ತಾಗಿ ಬಿದ್ದೆ. ಮೊಣಕೈ ತರಚಿತು, ಒಂದು ಹಲ್ಲು ಮುರಿಯಿತು. ಟಿಪ್ಪರ್ ನಿಲ್ಲಲಿಲ್ಲ. ನಂಬರಿನ ಕೊನೆಯ ನಾಲ್ಕು ಅಂಕಿಗಳನ್ನು ಪಕ್ಕದ ಅಂಗಡಿಯವರು ಬರೆದಿಟ್ಟಿದ್ದಾರೆ. ಹೆಲ್ಮೆಟ್, ಲೈಟ್ ತಗೊಳ್ಳೋಣ ಅಂದರೆ ನಮ್ಮ ಪ್ರಾರ್ಥನಾ ಕೂಟದ ಹಿರಿಯ ಅಕ್ಕ ಒಬ್ಬರು, “91ನೇ ಕೀರ್ತನೆ ಓದು, ದೂತರು ಕೈಯಲ್ಲಿ ಎತ್ತಿಕೊಳ್ತಾರೆ ಅಂತ ಇದೆ, ಅದರ ಮೇಲೆ ಹೆಲ್ಮೆಟ್ ಯಾಕೆ?” ಅಂದರು. ಎರಡು ಭಾನುವಾರ ಆರಾಧನೆ ತಪ್ಪಿಸಿದ್ದಕ್ಕೇ ಹೀಗಾಯಿತು ಅಂತ ಇನ್ನೊಬ್ಬರ ಮಾತು. ತಮ್ಮ ಸೈಕಲ್ ಬಿಟ್ಟು ಕಂತಿನಲ್ಲಿ ಸ್ಕೂಟಿ ತಗೋ ಅನ್ನುತ್ತಾನೆ. ನನಗೆ ಲಾರಿ ಕಂಡರೆ ಕೈ ನಡುಗುತ್ತದೆ, ಸಿಟ್ಟೂ ಬರುತ್ತದೆ. ಕ್ಷಮಿಸಬೇಕು ಅಂತ ಗೊತ್ತು, ಆಗುತ್ತಿಲ್ಲ. ಕಂಪ್ಲೇಂಟ್ ಕೊಡುವುದು ತಪ್ಪಾ? ಎಂಟನೇ ಕ್ಲಾಸಿನ ಮಗಳೂ ಸೈಕಲ್ ಕೇಳುತ್ತಿದ್ದಾಳೆ, ಕೊಡಿಸಲಾ?

ಉತ್ತರ: ತಂಗಿ, ನಿಮ್ಮ ಪತ್ರದಲ್ಲಿ ಲಾರಿಯೂ ಇದೆ, ಕೀರ್ತನೆಯೂ ಇದೆ. ಲಾರಿಯಿಂದ ಶುರು ಮಾಡುತ್ತೇನೆ. ನಾಳೆ ಬೆಳಗ್ಗೆ ನೀವು ಮತ್ತೆ ಅದೇ ಸರ್ಕಲ್ ದಾಟಬೇಕಲ್ವಾ. ನಾನು ಲಾರಿ, ಬಸ್ ಓಡಿಸುವವರಿಗೆ ವರ್ಷಗಟ್ಟಲೆ ತರಬೇತಿ ಕೊಟ್ಟವನು. ಊರೊಳಗಿನ ಓಡಾಟಕ್ಕೆ ನನ್ನದೂ ಸೈಕಲ್ಲೇ. ಭಾನುವಾರ ಸಭೆಯಲ್ಲಿ ವಾಕ್ಯ ಓದುವ ಸರದಿ ನನಗೂ ಬರುತ್ತದೆ. ಪಾದ್ರಿಗಳ ಹಾಗೆ ದೇವಶಾಸ್ತ್ರ ಕಲಿತವನಲ್ಲ, ಮನೆಯಲ್ಲಿ ಬೈಬಲ್ ಓದಿಕೊಂಡು ಬಂದವನು ಅಷ್ಟೇ.

ಟಿಪ್ಪರ್ ಎಡಕ್ಕೆ ತಿರುಗಬೇಕಾದರೆ ಮೊದಲು ಸ್ವಲ್ಪ ಬಲಕ್ಕೆ ಸರಿಯುತ್ತದೆ. ಉದ್ದನೆಯ ಗಾಡಿ, ಸರಿಯದೆ ತಿರುಗಿಸಿದರೆ ಹಿಂದಿನ ಚಕ್ರ ಮೂಲೆಯ ಕಟ್ಟೆ ಹತ್ತುತ್ತದೆ. ಹಾಗೆ ಬಲಕ್ಕೆ ಸರಿದಾಗ ಎಡಗಡೆ ಒಂದಿಷ್ಟು ಜಾಗ ಬಿಡುತ್ತದೆ. ಸೈಕಲ್ಲಿನವರು, ಬೈಕಿನವರು “ದಾರಿ ಬಿಟ್ಟ” ಅಂದುಕೊಂಡು ಅಲ್ಲಿಗೆ ನುಗ್ಗುತ್ತಾರೆ. ಆ ಜಾಗ ನಮಗೆ ಬಿಟ್ಟದ್ದಲ್ಲ. ಅವನ ಹಿಂದಿನ ಚಕ್ರಕ್ಕೆ ಬೇಕಾದ ಜಾಗ ಅದು. ತಿರುವಿನಲ್ಲಿ ಹಿಂದಿನ ಚಕ್ರ ಮುಂದಿನ ಚಕ್ರ ಹೋದ ದಾರಿಯಲ್ಲೇ ಬರುವುದಿಲ್ಲ. ಒಳಗಡೆಯಿಂದ ಕೊಯ್ದುಕೊಂಡು ಬರುತ್ತದೆ. ಗಾಡಿಯ ಮೂತಿ ನಿಮ್ಮನ್ನು ದಾಟಿ ಹೋಯಿತು ಅಂತ ನಿಟ್ಟುಸಿರು ಬಿಡುವ ಹೊತ್ತಿಗೆ ಅದರ ಮೈ ನಿಮ್ಮ ಕಡೆ ಬರುತ್ತಿರುತ್ತದೆ. ನಿಮಗೆ ಹ್ಯಾಂಡಲ್ ಮಾತ್ರ ತಾಗಿತು, ನೀವು ಹೊರಕ್ಕೆ ಬಿದ್ದಿರಿ. ಒಳಕ್ಕೆ ಬೀಳುವವರೂ ಇದ್ದಾರೆ. ಅದನ್ನು ಇಲ್ಲಿ ಬಿಡಿಸಿ ಬರೆಯುವುದಿಲ್ಲ.

ಇನ್ನು ಡ್ರೈವರ್ ಕಡೆಯಿಂದ ನೋಡಿ. ಅವನು ಕೂತಿರುವುದು ಬಲಗಡೆ, ನಿಮ್ಮ ತಲೆಗಿಂತ ಎತ್ತರದಲ್ಲಿ. ಎಡಬಾಗಿಲಿನ ಕೆಳಗೆ, ಬಂಪರಿನ ಎಡಮೂಲೆಯ ಹತ್ತಿರ ಯಾರಿದ್ದರೂ ಅವನಿಗೆ ಕಾಣುವುದಿಲ್ಲ. ತರಬೇತಿಯಲ್ಲಿ ನಾವು ಒಂದು ಸೈಕಲ್ಲನ್ನು ಆ ಮೂಲೆಯಲ್ಲಿ ನಿಲ್ಲಿಸಿ, ಡ್ರೈವರನ್ನು ಸೀಟಿನ ಮೇಲೆ ಕೂರಿಸಿ, “ಎಲ್ಲಿದೆ ಹೇಳಪ್ಪಾ” ಅಂತ ಕೇಳುತ್ತಿದ್ದೆವು. ತಲೆ ನರೆತ ಡ್ರೈವರುಗಳೂ ಕನ್ನಡಿಯಲ್ಲಿ ಹುಡುಕಿ ಹುಡುಕಿ ಕೊನೆಗೆ “ಇಲ್ಲ ಸಾರ್, ಅಲ್ಲಿ ಏನೂ ಇಲ್ಲ” ಅನ್ನುತ್ತಿದ್ದರು. ಕ್ಲೀನರ್ ಇದ್ದರೆ ಎಡಬಾಗಿಲು ತಟ್ಟಿ ಹೇಳುತ್ತಾನೆ. ಈಗ ಎಷ್ಟೋ ಟಿಪ್ಪರುಗಳಲ್ಲಿ ಕ್ಲೀನರ್ ಇರುವುದಿಲ್ಲ, ಸಂಬಳ ಉಳಿಯಲಿ ಅಂತ.

ಅದಕ್ಕೇ ಒಂದು ಮಾತು ಗಟ್ಟಿಯಾಗಿ ಹಿಡಿಯಿರಿ. ಸರ್ಕಲ್‌ನಲ್ಲಿ, ಸಿಗ್ನಲ್‌ನಲ್ಲಿ, ರೈಲ್ವೆ ಗೇಟಿನಲ್ಲಿ ದೊಡ್ಡ ಗಾಡಿ ನಿಂತಿದ್ದರೆ ಅದರ ಎಡಗಡೆಯಿಂದ ಮುಂದೆ ಹೋಗಬೇಡಿ. ಎಷ್ಟೇ ಜಾಗ ಕಂಡರೂ ಬೇಡ. ಹಿಂದೆಯೇ ನಿಲ್ಲಿ, ಅದೂ ತೀರಾ ಹತ್ತಿರ ಅಲ್ಲ. ಡ್ರೈವರನ ಮುಖ ಕನ್ನಡಿಯಲ್ಲಿ ನಿಮಗೆ ಕಾಣುತ್ತಾ ನೋಡಿಕೊಳ್ಳಿ. ನಿಮಗೆ ಅವನು ಕಾಣದಿದ್ದರೆ ಅವನಿಗೆ ನೀವೂ ಕಾಣುತ್ತಿಲ್ಲ. ಇಂಡಿಕೇಟರ್ ನಂಬಬೇಡಿ. ಕೆಲವರು ಹಾಕುವುದಿಲ್ಲ, ಕೆಲವರು ಹಾಕಿ ತೆಗೆಯುವುದೇ ಇಲ್ಲ. ಮುಂದಿನ ಚಕ್ರ ಎತ್ತ ವಾಲಿದೆ ನೋಡಿ, ಅದು ಸುಳ್ಳು ಹೇಳುವುದಿಲ್ಲ.

ಬಳ್ಳಾರಿಯಲ್ಲಿ ಇದನ್ನು ಜಾಸ್ತಿ ಒತ್ತಿ ಹೇಳಬೇಕು. ಸಂಡೂರಿನ ಅದಿರು, ತೋರಣಗಲ್ಲಿನ ಉಕ್ಕು, ಸಿರುಗುಪ್ಪದ ಭತ್ತ, ಜೊತೆಗೆ ಮೆಣಸಿನಕಾಯಿ, ಹತ್ತಿ. ಈ ಜಿಲ್ಲೆಯ ದುಡಿಮೆಯೆಲ್ಲ ದೊಡ್ಡ ಚಕ್ರದ ಮೇಲೆ ಓಡುತ್ತದೆ. ಹೊಸಪೇಟೆ ರಸ್ತೆ, ಸಿರುಗುಪ್ಪ ರಸ್ತೆ, ಬೆಂಗಳೂರು ರಸ್ತೆ ಎಲ್ಲವೂ ಊರೊಳಗೆ ಬಂದೇ ಸೇರುತ್ತವೆ. ಹಾಗಾಗಿ ನಾನಾದರೆ ಮೊದಲು ದಾರಿ ಬದಲಿಸುತ್ತೇನೆ. ಹತ್ತು ನಿಮಿಷ ಜಾಸ್ತಿ ಆದರೂ ಆಗಲಿ, ಟಿಪ್ಪರ್ ಬರದ ಒಳಬೀದಿಗಳನ್ನು ಹಿಡಿದು ಹೋಗಿ. ದೊಡ್ಡ ಸರ್ಕಲ್ ತಪ್ಪಿಸಲು ಆಗದಿದ್ದರೆ ಇಳಿದು, ಸೈಕಲ್ ತಳ್ಳಿಕೊಂಡು, ನಡೆಯುವವರ ಜೊತೆ ದಾಟಿ. ಇದರಲ್ಲಿ ನಾಚಿಕೆ ಏನಿಲ್ಲ.

ರಸ್ತೆಯ ತೀರಾ ಅಂಚಿಗೆ ಅಂಟಿಕೊಂಡು ಹೋಗುವುದು ನಮ್ಮವರಿಗೆ ಮನೆಯಲ್ಲೇ ಕಲಿಸಿದ ಅಭ್ಯಾಸ. “ಸೈಡಿಗೆ ಹೋಗು, ಸೈಡಿಗೆ ಹೋಗು.” ಆದರೆ ಅಂಚಿನಲ್ಲಿ ಏನಿದೆ? ಮರಳು, ಅದಿರಿನ ಕೆಂಪು ಪುಡಿ, ಚರಂಡಿಯ ಜಾಲರಿ, ನಿಂತ ಆಟೋ. ಬಳ್ಳಾರಿ ಜಾಲಿಯ ಮುಳ್ಳೂ ಅಲ್ಲೇ ಇರುತ್ತದೆ, ಪಂಕ್ಚರ್ ಅಂಗಡಿಯವರ ಅನ್ನ ಅದು. ಇದನ್ನೆಲ್ಲ ತಪ್ಪಿಸಲು ನೀವು ಫಕ್ಕನೆ ಬಲಕ್ಕೆ ಬರುತ್ತೀರಿ, ಹಿಂದಿನವನಿಗೆ ಗೊತ್ತಾಗುವುದಿಲ್ಲ. ಅಂಚಿನಿಂದ ಸುಮಾರು ಮೂರು ಅಡಿ ಒಳಗೆ, ನೇರ ಗೆರೆಯಲ್ಲಿ ಹೋಗಿ. ನಿಂತ ಕಾರು, ಆಟೋ ಪಕ್ಕದಲ್ಲೂ ಬಾಗಿಲು ಪೂರ್ತಿ ತೆರೆದರೂ ತಾಗದಷ್ಟು ದೂರ ಬಿಡಿ. ಬಲಕ್ಕೆ ಬರಬೇಕಾದರೆ ಮೊದಲು ಹಿಂದೆ ತಿರುಗಿ ನೋಡಿ, ಕೈ ತೋರಿಸಿ, ಆಮೇಲೆ ಬನ್ನಿ. ಹಿಂದಿನವರು ಹಾರ್ನ್ ಹೊಡೆದರೆ ಹೊಡೆಯಲಿ. ಹಾರ್ನ್ ಹೊಡೆದರು ಅಂದರೆ ನೀವು ಅವರಿಗೆ ಕಂಡಿದ್ದೀರಿ ಅಂತ ಅರ್ಥ.

ರಾಂಗ್ ಸೈಡ್ ಬಗ್ಗೆಯೂ ಹೇಳಿಬಿಡುತ್ತೇನೆ. ಡಿವೈಡರ್ ಸುತ್ತಿ ಬರಲು ಬೇಸರ ಅಂತ ಅರ್ಧ ಊರು ಎದುರಿನಿಂದ ಬರುತ್ತದೆ. ಲೆಕ್ಕ ಹಾಕಿ. ನೀವು ಗಂಟೆಗೆ 15 ಕಿಲೋಮೀಟರ್, ಲಾರಿ 40. ಒಂದೇ ದಿಕ್ಕಿನಲ್ಲಿ ಹೋಗುತ್ತಿದ್ದರೆ ಅದು ನಿಮ್ಮ ಹತ್ತಿರ ಬರುವ ವೇಗ 25. ಎದುರುಬದುರು ಬಂದರೆ 55. ಅದೂ ಅಲ್ಲದೆ ಅಡ್ಡರಸ್ತೆಯಿಂದ ಎಡಕ್ಕೆ ತಿರುಗುವವನು ನೋಡುವುದು ಬಲಗಡೆ ಮಾತ್ರ, ಗಾಡಿಗಳು ಅಲ್ಲಿಂದ ತಾನೇ ಬರುವುದು. ರಾಂಗ್ ಸೈಡಿನವರು ಅವನ ಎಡದಿಂದ ಬರುತ್ತಾರೆ.

ರಾತ್ರಿ ಎಂಟಕ್ಕೆ ವಾಪಸ್ ಅಂದಿರಿ. ಡಿಸೆಂಬರಿನಲ್ಲಿ ಆರು ಗಂಟೆಗೇ ಕತ್ತಲು. ಗಂಟೆಗೆ 40 ಕಿಲೋಮೀಟರ್ ವೇಗದ ಗಾಡಿ ಒಂದು ಸೆಕೆಂಡಿಗೆ 11 ಮೀಟರ್ ಓಡುತ್ತದೆ. ಡ್ರೈವರ್ ನಿಮ್ಮನ್ನು ನೋಡಿ, ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ ಒಂದೂವರೆ ಸೆಕೆಂಡ್ ಕಳೆದಿರುತ್ತದೆ. ಅಂದರೆ 16 ಮೀಟರ್ ಬ್ರೇಕಿಲ್ಲದೆಯೇ ಮುಗಿಯಿತು. ಗಾಡಿ ನಿಲ್ಲುವುದು ಅದಕ್ಕೂ ಆಚೆ. ಡಿಪ್ ಲೈಟಿನಲ್ಲಿ ಕಪ್ಪು ಬಟ್ಟೆಯವರು ತುಂಬಾ ಹತ್ತಿರ ಬಂದ ಮೇಲೇ ಕಾಣುವುದು. ಒಳ್ಳೆಯ ರಿಫ್ಲೆಕ್ಟರ್ ಆದರೆ ನೂರು ಮೀಟರಿಗೂ ಆಚೆಯಿಂದ ಹೊಳೆಯುತ್ತದೆ. ಹಿಂದೆ ಕೆಂಪು ಲೈಟ್, ಮುಂದೆ ಬಿಳಿ ಲೈಟ್ ಹಾಕಿಸಿ. ಹಿಂದಿನ ಮಡ್‌ಗಾರ್ಡಿಗೆ, ಕ್ಯಾರಿಯರಿಗೆ ರೇಡಿಯಂ ಸ್ಟಿಕರ್ ಅಂಟಿಸಿ. ಪೆಡಲಿಗೂ ಅಂಟಿಸಿ. ಮೇಲೆ ಕೆಳಗೆ ಆಡುವ ಬೆಳಕು ಕಂಡ ಕೂಡಲೇ ಅದು ಸೈಕಲ್ ಅಂತ ತಿಳಿಯುತ್ತದೆ. ಸುಮ್ನೆ ನಿಂತಂತೆ ಕಾಣುವ ಕೆಂಪು ಚುಕ್ಕೆ ಗೂಡಂಗಡಿಯ ಲೈಟೂ ಇರಬಹುದು. ಬಿಳಿ ಚೂಡಿದಾರ ಹಾಕಿಕೊಂಡರೆ ಸಾಕು ಅಂತ ಕೆಲವರು ಅಂದುಕೊಳ್ಳುತ್ತಾರೆ. ಹಗಲಿನಲ್ಲಿ ಸರಿ, ರಾತ್ರಿಗೆ ಸಾಲದು.

ವೇಲನ್ನು ಹಿಂದಕ್ಕೆ ಕಟ್ಟಿ ಗಂಟು ಹಾಕಿಕೊಳ್ಳಿ. ಹಿಂದಿನ ಚಕ್ರಕ್ಕೆ ಜಾಲರಿ, ಚೈನಿಗೆ ಕವರ್ ಇರಲಿ. ಕಂಬಿ ಬ್ರೇಕಿನ ಸೈಕಲ್ ಆದರೆ ಮಳೆಯಲ್ಲಿ ಸ್ಟೀಲ್ ರಿಮ್ ಮೇಲೆ ರಬ್ಬರ್ ಹಿಡಿಯುವುದೇ ಇಲ್ಲ. ಸರ್ಕಲ್ ದೂರ ಇರುವಾಗಲೇ ಮೆಲ್ಲಗೆ ಒತ್ತುತ್ತಾ ಹೋದರೆ ನೀರು ಒರೆಸಿ ಹೋಗುತ್ತದೆ. ರೈಲ್ವೆ ಹಳಿ ದಾಟುವಾಗ ಓರೆಯಾಗಿ ಹೋದರೆ ಚಕ್ರ ಸಂದಿಗೆ ಸಿಕ್ಕಿಕೊಳ್ಳುತ್ತದೆ, ನೇರವಾಗಿ ದಾಟಿ.

ಈಗ ಹೆಲ್ಮೆಟ್. ಅದರ ಬಗ್ಗೆ ಉತ್ಪ್ರೇಕ್ಷೆ ಮಾಡುವುದಿಲ್ಲ. ನಮ್ಮ ದೇಶದಲ್ಲಿ ಸೈಕಲ್ಲಿಗೆ ಹೆಲ್ಮೆಟ್ ಕಡ್ಡಾಯ ಇಲ್ಲ. ಲಾರಿ ಚಕ್ರದ ಮುಂದೆ ಅದು ಏನೂ ಮಾಡುವುದಿಲ್ಲ. ಆದರೆ ನಿಮ್ಮ ಹಾಗೆ ಬಿದ್ದು ತಲೆ ರಸ್ತೆಗೆ ಬಡಿದಾಗ ಆ ಏಟನ್ನು ಒಳಗಿನ ಥರ್ಮಾಕೋಲ್ ತಾನು ತಿನ್ನುತ್ತದೆ. ನಿಮ್ಮದು ಹಲ್ಲಿನಲ್ಲಿ ಮುಗಿಯಿತು. ಹುಬ್ಬಿನಿಂದ ಎರಡು ಬೆರಳು ಮೇಲೆ ಕೂರಬೇಕು, ಹಿಂದಕ್ಕೆ ಟೋಪಿಯ ಹಾಗೆ ಸರಿಯಬಾರದು. ಗದ್ದದ ಪಟ್ಟಿಯೊಳಗೆ ಒಂದೆರಡು ಬೆರಳು ಹೋಗುವಷ್ಟು ಮಾತ್ರ ಸಡಿಲ. ಜಡೆಯನ್ನು ಕೆಳಗೆ ಹಾಕಿಕೊಳ್ಳಿ, ತುರುಬು ಕಟ್ಟಿದರೆ ಹೆಲ್ಮೆಟ್ ಕೂರುವುದಿಲ್ಲ. ಒಮ್ಮೆ ಜೋರಾಗಿ ಏಟು ತಿಂದ ಹೆಲ್ಮೆಟ್ ಮತ್ತೆ ಕೆಲಸಕ್ಕೆ ಬರುವುದಿಲ್ಲ, ಹೊರಗೆ ಚೆನ್ನಾಗಿ ಕಂಡರೂ. ಏಪ್ರಿಲ್, ಮೇ ಬಿಸಿಲಿಗೆ ಗಾಳಿ ಕಂಡಿ ಜಾಸ್ತಿ ಇರುವುದನ್ನೇ ನೋಡಿ.

ಇನ್ನು ಆ ಅಕ್ಕನ ಮಾತಿಗೆ ಬರುತ್ತೇನೆ. ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು, ಇಲ್ಲೇ ಕೂತು ಬೈಬಲನ್ನು ಕನ್ನಡಕ್ಕೆ ತರುವ ಕೆಲಸ ಹಿಡಿದರು. ಅಷ್ಟು ಹಳೆಯ ಓದು ನಮ್ಮ ಊರಿನದು. ಆದರೂ 91ನೇ ಕೀರ್ತನೆಯನ್ನು ನಾವು ಕ್ಯಾಲೆಂಡರಿನಲ್ಲಿ ಅಚ್ಚಾದಷ್ಟನ್ನೇ ಓದಿ ನಿಲ್ಲಿಸುತ್ತೇವೆ. ದೂತರು ನಿನ್ನನ್ನು ಎತ್ತಿಕೊಳ್ಳುತ್ತಾರೆ, ಕಾಲು ಕಲ್ಲಿಗೆ ತಗಲದು, ಅನ್ನುವ ಆ ವಚನವನ್ನು ಬೈಬಲಿನಲ್ಲಿ ಇನ್ನೊಬ್ಬನೂ ಬಾಯಿಪಾಠ ಹೇಳುತ್ತಾನೆ. ಯಾರು ಗೊತ್ತಾ? ಸೈತಾನ. ಮತ್ತಾಯ 4ನೇ ಅಧ್ಯಾಯ ತೆಗೆಯಿರಿ. ದೇವಾಲಯದ ತುದಿಯಲ್ಲಿ ಯೇಸುವನ್ನು ನಿಲ್ಲಿಸಿ, ಕೆಳಗೆ ಹಾರು, ಬರೆದಿದೆಯಲ್ಲ ಅನ್ನುತ್ತಾನೆ. ಯೇಸು ಆ ಕೀರ್ತನೆ ಸುಳ್ಳು ಅನ್ನಲಿಲ್ಲ. ದೇವರನ್ನು ಪರೀಕ್ಷಿಸಬಾರದು ಅಂತಲೂ ಬರೆದಿದೆ ಅಂದರು. ಹಾರಲಿಲ್ಲ. ಲೈಟಿಲ್ಲದ ಸೈಕಲ್ಲಿನಲ್ಲಿ ಕತ್ತಲೆಯಲ್ಲಿ ಹೊಸಪೇಟೆ ರಸ್ತೆಗೆ ಇಳಿದು “ಕಾಪಾಡು” ಅನ್ನುವುದು ಯಾವ ಸಾಲಿಗೆ ಸೇರುತ್ತದೆ ಅಂತ ಆ ಅಕ್ಕನನ್ನು ಮೆಲ್ಲಗೆ ಕೇಳಿ. ಜಗಳ ಬೇಡ, ಅವರು ಪ್ರೀತಿಯಿಂದಲೇ ಹೇಳಿದ್ದಾರೆ.

ನನಗೆ ಇದರಲ್ಲಿ ಎಲ್ಲಕ್ಕಿಂತ ಇಷ್ಟವಾದ ಜಾಗ ಅಪೊಸ್ತಲರ ಕೃತ್ಯಗಳು 27. ಯೇಸುವಿನ ಮಾತು ಸಾರುತ್ತಿದ್ದ ಪೌಲನನ್ನು ಕೈದಿಯಾಗಿ ರೋಮಿಗೆ ಕರೆದೊಯ್ಯುತ್ತಿದ್ದಾರೆ. ಹಡಗಿನಲ್ಲಿ 276 ಜನ. ಬಿರುಗಾಳಿ ಎದ್ದು ಎಷ್ಟೋ ದಿನ ಸೂರ್ಯನೂ ಇಲ್ಲ, ನಕ್ಷತ್ರವೂ ಇಲ್ಲ. ಒಂದು ರಾತ್ರಿ ದೇವದೂತನು ಪೌಲನಿಗೆ, ಯಾರ ಪ್ರಾಣವೂ ಹೋಗುವುದಿಲ್ಲ ಅಂತ ಮಾತು ಕೊಡುತ್ತಾನೆ. ಇದಕ್ಕಿಂತ ಗಟ್ಟಿಯಾದ ಭರವಸೆ ಯಾರಿಗೆ ಸಿಕ್ಕೀತು? ಅಷ್ಟಾದ ಮೇಲೂ, ನಾವಿಕರು ಚಿಕ್ಕ ದೋಣಿ ಇಳಿಸಿಕೊಂಡು ಓಡಿಹೋಗಲು ನೋಡಿದಾಗ ಪೌಲನು ಕಾವಲಿಗಿದ್ದ ಸೈನ್ಯದ ಅಧಿಕಾರಿ ಶತಾಧಿಪತಿಯನ್ನು ಕರೆದು, ಇವರು ಹಡಗಿನಲ್ಲಿ ಉಳಿಯದಿದ್ದರೆ ನೀವು ಉಳಿಯುವುದಿಲ್ಲ ಅನ್ನುತ್ತಾನೆ. ಹಸಿದವರಿಗೆ ಊಟ ಮಾಡಿ ಅನ್ನುತ್ತಾನೆ. ಉಳಿದ ಗೋಧಿಯನ್ನು ಸಮುದ್ರಕ್ಕೆ ಚೆಲ್ಲಿ ಹಡಗು ಹಗುರ ಮಾಡುತ್ತಾರೆ. ಕೊನೆಗೆ ಈಜು ಬಂದವರು ಈಜಿ, ಬಾರದವರು ಹಲಗೆ ಹಿಡಿದು ದಡ ಸೇರುತ್ತಾರೆ. ದೂತನು ಕೊಟ್ಟ ಮಾತು ನೆರವೇರಿತು, ಹಲಗೆಯ ಮೇಲೆ. ಪೌಲನಿಗೆ ನಂಬಿಕೆ ಕಡಿಮೆ ಇತ್ತು ಅಂತ ಯಾರಾದರೂ ಹೇಳುತ್ತಾರಾ?

ನೆಹೆಮೀಯನೂ ಹಾಗೆಯೇ. ಯೆರೂಸಲೇಮಿನ ಗೋಡೆ ಕಟ್ಟುವಾಗ ವೈರಿಗಳ ಬೆದರಿಕೆ ಬಂತು. ದೇವರಿಗೆ ಪ್ರಾರ್ಥನೆ ಮಾಡಿ ಹಗಲೂ ರಾತ್ರಿ ಕಾವಲು ಹಾಕಿದೆವು ಅಂತ 4ನೇ ಅಧ್ಯಾಯದಲ್ಲಿ ಒಂದೇ ಉಸಿರಿನಲ್ಲಿ ಹೇಳಿದ್ದಾನೆ. ಧರ್ಮೋಪದೇಶಕಾಂಡ 22ರಲ್ಲಂತೂ ನೇರವಾಗಿ ಕಟ್ಟಡದ ನಿಯಮವೇ ಇದೆ. ಹೊಸ ಮನೆ ಕಟ್ಟಿದರೆ ಮಾಳಿಗೆಯ ಸುತ್ತ ಪ್ಯಾರಾಪೆಟ್ ಕಟ್ಟು, ಯಾರಾದರೂ ಬಿದ್ದರೆ ಆ ರಕ್ತದ ಅಪರಾಧ ನಿನ್ನ ಮನೆ ಮೇಲೆ ಬರುತ್ತದೆ ಅಂತ. ಬೇಸಿಗೆಯಲ್ಲಿ ಮಾಳಿಗೆ ಮೇಲೆ ಹಾಸಿಕೊಂಡು ಮಲಗುವ ಬಳ್ಳಾರಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗೋಡೆ ಇರುವುದು ಮನೆಯವರಿಗೆ ಮಾತ್ರ ಅಲ್ಲ, ಬಂದ ನೆಂಟರ ಮಕ್ಕಳಿಗೂ. ನಿಮ್ಮ ಸೈಕಲ್ಲಿನ ಕೆಂಪು ಲೈಟೂ ನಿಮಗೊಬ್ಬರಿಗೆ ಅಲ್ಲ. ನಿಮಗೆ ಗುದ್ದುವುದನ್ನು ತಪ್ಪಿಸಲು ಹೋಗಿ ತಾನೇ ಬೀಳುವ ಬೈಕಿನ ಹುಡುಗನಿಗೂ ಅದು ಬೇಕು.

ಎರಡು ಭಾನುವಾರದ ಮಾತಿಗೆ ಲೂಕ 13 ಸಾಕು. ಸಿಲೊವಾಮಿನಲ್ಲಿ ಗೋಪುರ ಕುಸಿದು 18 ಜನ ಸತ್ತಿದ್ದರು. ಅವರೇನು ಯೆರೂಸಲೇಮಿನ ಉಳಿದವರಿಗಿಂತ ಹೆಚ್ಚು ತಪ್ಪಿತಸ್ಥರಾಗಿದ್ದರೋ ಅಂತ ಯೇಸು ತಾನೇ ಕೇಳಿ, ಅಲ್ಲ ಅಂದರು. ಬಿದ್ದವರ ಮನೆಗೆ ಹೋಗಿ ಕಾರಣ ಹುಡುಕುವವರು ಈ ಅಧ್ಯಾಯ ಓದಿ ಹೋಗಲಿ. ನಿಮ್ಮನ್ನು ಬೀಳಿಸಿದ್ದು ತಪ್ಪಿದ ಆರಾಧನೆ ಅಲ್ಲ, ಕನ್ನಡಿಯಲ್ಲಿ ಕಾಣದ ಒಂದು ಮೂಲೆ ಮತ್ತು ನೋಡದೆ ತಿರುಗಿಸಿದ ಒಬ್ಬ ಮನುಷ್ಯ. ಆರಾಧನೆಗೆ ಹೋಗಿ, ಹೋಗಬೇಕು ಅನ್ನಿಸಿದ್ದಕ್ಕೆ ಹೋಗಿ. ವಿಮೆಯ ಕಂತು ಕಟ್ಟಿದ ಹಾಗೆ ಹೋಗಬೇಡಿ.

ಹಾಗಾದರೆ ಪ್ರಾರ್ಥನೆ ಯಾಕೆ ಅಂತ ಕೇಳಬಹುದು. ಬ್ರೇಕ್ ಮಾಡುವ ಕೆಲಸ ಬ್ರೇಕ್ ಮಾಡಲಿ. ನಡುಗುವ ಕೈ, ಕುದಿಯುವ ಮನಸ್ಸು ಬ್ರೇಕಿನ ಕೈಗೆ ಸಿಗುವುದಿಲ್ಲ. ಹೆದರಿದವರು ಹ್ಯಾಂಡಲ್ ಬಿಗಿಯಾಗಿ ಹಿಡಿಯುತ್ತಾರೆ, ಸೈಕಲ್ ಓಲಾಡುತ್ತದೆ. ಸಿಟ್ಟಿನಲ್ಲಿದ್ದವರು “ನಾನ್ಯಾಕೆ ದಾರಿ ಬಿಡಲಿ” ಅನ್ನುತ್ತಾರೆ. ಎರಡೂ ರಸ್ತೆಯಲ್ಲಿ ಅಪಾಯವೇ. ನನ್ನ ಪದ್ಧತಿ ಹೇಳುತ್ತೇನೆ, ಬೇಕಿದ್ದರೆ ಹಿಡಿಯಿರಿ. ಬೆಳಗ್ಗೆ ಸೈಕಲ್ ಹೊರಗೆ ತಂದಾಗ ಟೈರ್ ಒತ್ತಿ ನೋಡುತ್ತೇನೆ, ಎರಡೂ ಬ್ರೇಕ್ ಹಿಡಿದು ಮುಂದಕ್ಕೆ ತಳ್ಳಿ ನೋಡುತ್ತೇನೆ. ಆ ಕೈ ಅಲ್ಲಿರುವಾಗಲೇ ಪ್ರಾರ್ಥನೆ. ಇವತ್ತು ನನ್ನಿಂದ ಯಾರಿಗೂ ನೋವಾಗದಿರಲಿ, ನನ್ನನ್ನೂ ಮನೆ ಮುಟ್ಟಿಸು. ಅಷ್ಟೇ. ಹತ್ತಿದ ಮೇಲೆ ಕಣ್ಣು ತೆರೆದಿರಬೇಕು, ಕಿವಿಯೂ. ಇಯರ್‌ಫೋನ್‌ನಲ್ಲಿ ಸ್ತುತಿಗೀತೆ ಹಾಕಿಕೊಂಡು ಹೋಗುವ ನಮ್ಮ ಹುಡುಗರಿಗೆ ನಾನು ಬೈಯುತ್ತಲೇ ಇರುತ್ತೇನೆ. ಹಿಂದೆ ಬರುವ ಗಾಡಿಯ ಸುದ್ದಿ ಕಿವಿಗೆ ಮೊದಲು ಸಿಗುತ್ತದೆ. ಹಾಡಬೇಕು ಅನ್ನಿಸಿದರೆ ಬಾಯಿಬಿಟ್ಟು ಹಾಡಿ, ಕಿವಿ ಖಾಲಿ ಇರಲಿ.

ನಡುಕ ಹೋಗಲು ಸಮಯ ಬೇಕು. ಭಾನುವಾರ ಬೆಳಗಿನ ಜಾವ, ಗಾಡಿ ಕಡಿಮೆ ಇರುವಾಗ, ಯಾರನ್ನಾದರೂ ಜೊತೆಗೆ ಕರೆದುಕೊಂಡು ಆ ಸರ್ಕಲ್ ಎರಡು ಮೂರು ಸಲ ಸುತ್ತಿ ಬನ್ನಿ. ಯಾವುದಾದರೂ ನಿಂತ ಲಾರಿಯ ಡ್ರೈವರನ್ನು ಕೇಳಿ, ತಮ್ಮನ ಜೊತೆ ಹೋಗಿ, ಅವನ ಸೀಟಿನಲ್ಲಿ ಒಮ್ಮೆ ಕೂತು ನೋಡಿ. ಬಹಳಷ್ಟು ಡ್ರೈವರುಗಳು ನಗುತ್ತಾ ಹತ್ತಿಸುತ್ತಾರೆ. ಅಲ್ಲಿ ಕೂತು ಕೆಳಗೆ ನೋಡಿದರೆ ನಿಮ್ಮ ಸಿಟ್ಟಿನಲ್ಲಿ ಒಂದು ಪಾಲು ಅಲ್ಲೇ ಇಳಿಯುತ್ತದೆ. ನನ್ನ ಮಾತು ನಂಬಿ.

ಪೂರ್ತಿ ಇಳಿಯಬೇಕಾಗಿಲ್ಲ. ಗುದ್ದಿ ನಿಲ್ಲದೆ ಹೋದದ್ದು ಕಾಣದ ಮೂಲೆಯ ತಪ್ಪಲ್ಲ. ಗುದ್ದಿದ್ದು ಗೊತ್ತಾದ ಮೇಲೆ ಗಾಡಿ ನಿಲ್ಲಿಸಿ, ಗಾಯಗೊಂಡವರನ್ನು ಆಸ್ಪತ್ರೆಗೆ ಸೇರಿಸಲು ನೋಡಬೇಕು ಅಂತ ಮೋಟಾರು ವಾಹನ ಕಾಯ್ದೆಯ 134ನೇ ಕಲಂ ಹೇಳುತ್ತದೆ. ಸಿಟ್ಟು ಬರಲಿ, ಅದರಿಂದ ಪಾಪಕ್ಕೆ ಇಳಿಯಬೇಡಿ ಅನ್ನುತ್ತದೆ ಎಫೆಸದವರಿಗೆ ಬರೆದ ಪತ್ರ. ಸಿಟ್ಟೇ ಬೇಡ ಅನ್ನುವುದಿಲ್ಲ. ಕ್ಷಮೆ ನಿಮ್ಮ ಮತ್ತು ದೇವರ ನಡುವಿನ ಕೆಲಸ, ನಿಧಾನಕ್ಕೆ ಆಗಲಿ. ಕಂಪ್ಲೇಂಟ್ ಮುಂದೆ ಆ ಸರ್ಕಲ್ ದಾಟುವವರಿಗಾಗಿ. ಒಂದಕ್ಕೆ ಇನ್ನೊಂದು ಅಡ್ಡ ಬರುವುದಿಲ್ಲ.

ವಿಮೋಚನಕಾಂಡ 21ರಲ್ಲಿ ಹಾಯುವ ಎತ್ತಿನ ಕಾನೂನು ಇದೆ. ಎತ್ತು ಹಾಯುತ್ತದೆ ಅಂತ ಯಾರೂ ಹೇಳಿರದಿದ್ದರೆ ಒಡೆಯನ ಮೇಲೆ ಅಪರಾಧ ಇಲ್ಲ. ಹೇಳಿದ ಮೇಲೂ ಕಟ್ಟಿಹಾಕದಿದ್ದರೆ ಅಪರಾಧ ಅವನದು. ಹೇಳುವವರು ಬೇಕಲ್ಲ, ಕಂಪ್ಲೇಂಟ್ ಅಂದರೆ ಅದೇ. ಇಲ್ಲಿ ಒಡೆಯ ಅಂದರೆ ಸ್ಟೇರಿಂಗ್ ಹಿಡಿದವನು ಮಾತ್ರ ಅಲ್ಲ. ಟ್ರಿಪ್ ಲೆಕ್ಕದಲ್ಲಿ ದುಡ್ಡು ಕೊಟ್ಟು, ಕ್ಲೀನರನ್ನು ತೆಗೆದು, ಮುರಿದ ಕನ್ನಡಿಯನ್ನು ಹಾಗೇ ಬಿಟ್ಟು ಗಾಡಿ ಹೊರಗೆ ಕಳಿಸುವ ಮಾಲೀಕನನ್ನೂ ಯಾರಾದರೂ ಕೇಳಬೇಕು. ಅದೇ ಅಧ್ಯಾಯದಲ್ಲಿ, ಗುಂಡಿ ತೋಡಿ ಮುಚ್ಚದೆ ಬಿಟ್ಟವನು ಅದರಲ್ಲಿ ಬಿದ್ದ ಪ್ರಾಣಿಗೆ ಬೆಲೆ ಕಟ್ಟಿಕೊಡಬೇಕು ಅಂತಲೂ ಇದೆ. ರಸ್ತೆ ಅಗೆದು ಹಾಗೇ ಬಿಡುವ ಕಾಂಟ್ರ್ಯಾಕ್ಟರುಗಳಿಗೆ ಯಾರಾದರೂ ಓದಿ ಹೇಳಿ.

ಕಾನೂನಿನ ವಿಷಯ ಸ್ವಲ್ಪ ಗಮನ ಕೊಟ್ಟು ಓದಿ. ಹಲ್ಲು ಮುರಿಯುವುದು ಸಣ್ಣ ಗಾಯ ಅಂತ ನೀವು ಅಂದುಕೊಂಡಿರಬಹುದು. ಭಾರತೀಯ ನ್ಯಾಯ ಸಂಹಿತೆಯ 116ನೇ ಕಲಂ ಪ್ರಕಾರ ಮೂಳೆ ಅಥವಾ ಹಲ್ಲು ಮುರಿದರೆ ಅದು ತೀವ್ರ ಗಾಯ. ಹಾಗಾಗಿ ಹಲ್ಲಿನ ಡಾಕ್ಟರ ಚೀಟಿ, ಎಕ್ಸ್‌ರೇ, ಬಿಲ್ ಎಲ್ಲ ಜೋಪಾನ ಮಾಡಿ. ಅಂಗಡಿಯವರು ಬರೆದ ಅಂಕಿ, ತಾರೀಕು, ಹೊತ್ತು, ಗಾಡಿಯ ಬಣ್ಣ ಒಂದು ಹಾಳೆಯಲ್ಲಿ ಬರೆಯಿರಿ. ಕೆಎ 34 ಬಳ್ಳಾರಿಯದು, ಕೆಎ 35 ಹೊಸಪೇಟೆಯದು. ನಾಲ್ಕು ಅಂಕಿಯ ಜೊತೆ ಇದು ನೆನಪಿದ್ದರೂ ಹುಡುಕಲು ಸುಲಭ. ಅಂಗಡಿಗೆ ಸಿಸಿ ಕ್ಯಾಮೆರಾ ಇದ್ದರೆ ಇವತ್ತೇ ಕೇಳಿ, ದಿನ ಕಳೆದಂತೆ ಹಳೆಯದು ಅಳಿಸಿ ಹೋಗುತ್ತದೆ. ಪೊಲೀಸ್ ಠಾಣೆಗೆ ಒಬ್ಬರೇ ಹೋಗಬೇಡಿ, ಸಭೆಯಲ್ಲಿ ಒಬ್ಬರಾದರೂ ಬರುವವರು ಇರುತ್ತಾರೆ. ಗಾಡಿ ಸಿಕ್ಕರೆ ಪರಿಹಾರದ ಅರ್ಜಿಯನ್ನು ಅಪಘಾತವಾದ ಆರು ತಿಂಗಳೊಳಗೆ ಹಾಕಬೇಕು. ಗಾಡಿ ಸಿಗದೇ ಹೋದರೂ ದಾರಿ ಇದೆ. ಗುದ್ದಿ ಓಡಿಹೋದ ಪ್ರಕರಣಗಳಿಗೆ ಸರ್ಕಾರದ ಯೋಜನೆಯಲ್ಲಿ ತೀವ್ರ ಗಾಯಕ್ಕೆ 50,000 ರೂಪಾಯಿ, ಸಾವಿಗೆ 2 ಲಕ್ಷ ಪರಿಹಾರ ಇದೆ.

ಇನ್ನೂ ಒಂದು, ಇದು ನಿಮ್ಮ ಕೂಟದಲ್ಲಿ ಎಲ್ಲರಿಗೂ ಹೇಳುವಂಥದ್ದು. ರಸ್ತೆಯಲ್ಲಿ ಬಿದ್ದವರನ್ನು ಆಸ್ಪತ್ರೆಗೆ ಸೇರಿಸಿದರೆ ಪೊಲೀಸ್, ಕೋರ್ಟ್ ಅಂತ ಅಲೆಯಬೇಕು ಅನ್ನುವ ಹೆದರಿಕೆ ಇನ್ನೂ ಹೋಗಿಲ್ಲ. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಅಂತ ಒಂದು ಕಲಂ ಸೇರಿಸಿದ್ದಾರೆ. ಒಳ್ಳೆಯ ಮನಸ್ಸಿನಿಂದ ನೆರವಾದವರ ಮೇಲೆ ಕೇಸು ಹಾಕುವಂತಿಲ್ಲ, ಹೆಸರು ಹೇಳು ಅಂತ ಒತ್ತಾಯ ಮಾಡುವಂತಿಲ್ಲ. ಯೇಸು ಹೇಳಿದ ಕಥೆಯಲ್ಲಿ ಯೆರಿಕೋ ದಾರಿಯಲ್ಲಿ ಗಾಯಗೊಂಡು ಬಿದ್ದವನಿಗೆ ನೆರವಾದ ಸಮಾರ್ಯದವನ ಹೆಸರನ್ನೇ ಕಾನೂನಿನಲ್ಲೂ ಇಟ್ಟಿದ್ದಾರೆ. ಅವನು ಛತ್ರದವನಿಗೆ ಎರಡು ಬೆಳ್ಳಿ ನಾಣ್ಯ ಕೊಟ್ಟು ಹೋದ. ಈಗ ಆ ಖರ್ಚಿಗೂ ದಾರಿ ಇದೆ. 2025ರಲ್ಲಿ ಬಂದ ಕೇಂದ್ರದ ಯೋಜನೆಯಲ್ಲಿ ಪಟ್ಟಿಯಲ್ಲಿರುವ ಆಸ್ಪತ್ರೆಗಳಲ್ಲಿ 7 ದಿನಗಳವರೆಗೆ, 1.5 ಲಕ್ಷ ರೂಪಾಯಿ ತನಕ ನಗದು ಕಟ್ಟದೆ ಚಿಕಿತ್ಸೆ ಸಿಗುತ್ತದೆ. ಮೋಟಾರು ಗಾಡಿ ಗುದ್ದಿದ ಸೈಕಲ್ಲಿನವರಿಗೂ ಅದು ಅನ್ವಯ. ಆಂಬುಲೆನ್ಸಿಗೆ 108, ಪೊಲೀಸಿಗೆ 112.

ತಮ್ಮನ ಸ್ಕೂಟಿ ಮಾತು. ದೂರ ಜಾಸ್ತಿ ಇದ್ದರೆ, ಮೊಣಕಾಲು ನೋವಿದ್ದರೆ ತಗೊಳ್ಳಿ. ಸೈಕಲ್ ಅಪಾಯ, ಸ್ಕೂಟಿ ಸುರಕ್ಷಿತ ಅಂತ ಮಾತ್ರ ತಗೋಬೇಡಿ. ಕೇಂದ್ರ ಸಾರಿಗೆ ಸಚಿವಾಲಯದ 2022ರ ವರದಿ ಪ್ರಕಾರ ಆ ವರ್ಷ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅದರಲ್ಲಿ ಶೇ. 44ರಷ್ಟು ಮಂದಿ ಬೈಕ್, ಸ್ಕೂಟರ್ ಮೇಲಿದ್ದವರು. ನಮ್ಮಲ್ಲಿ ಬೈಕುಗಳೇ ಜಾಸ್ತಿ, ಅದಕ್ಕೂ ಆ ಲೆಕ್ಕ ದೊಡ್ಡದಾಗಿ ಕಾಣುತ್ತದೆ ಅನ್ನಿ. ಆದರೆ ಟಿಪ್ಪರಿನ ಎಡಮೂಲೆ ಸ್ಕೂಟಿಯವರಿಗೂ ಅದೇ ಮೂಲೆ. ಸ್ಕೂಟಿಯ ವೇಗಕ್ಕೆ ಬಿದ್ದರೆ ಏಟು ಇನ್ನೂ ಜೋರು, ಕಂತು ಬೇರೆ.

ಮಗಳಿಗೆ ಸೈಕಲ್ ಕೊಡಿಸಿ. ಎಂಟನೇ ಕ್ಲಾಸಿನ ಮಕ್ಕಳಿಗೆ ಸರ್ಕಾರವೇ ಸೈಕಲ್ ಹಂಚಿದ್ದು ನಿಮಗೆ ನೆನಪಿರಬಹುದು, ಹಳ್ಳಿಯ ಎಷ್ಟೋ ಹುಡುಗಿಯರು ಹೈಸ್ಕೂಲ್ ಮುಗಿಸಿದ್ದು ಅದರ ಮೇಲೆಯೇ. ಬೆಳೆಯುತ್ತಾಳೆ ಅಂತ ದೊಡ್ಡ ಸೈಕಲ್ ಬೇಡ. ಸೀಟಿನಲ್ಲಿ ಕೂತಾಗ ಎರಡೂ ಕಾಲಿನ ತುದಿ ನೆಲಕ್ಕೆ ತಾಗಬೇಕು. ಮೊದಲ ಕೆಲವು ವಾರ ನೀವೂ ಜೊತೆಗೆ ಹೋಗಿ. ಅವಳು ಮುಂದೆ, ನೀವು ಹಿಂದೆ, ಅವಳಿಗಿಂತ ಒಂದಿಷ್ಟು ಬಲಕ್ಕೆ. ಹಿಂದಿನಿಂದ ಬರುವ ಗಾಡಿಗೆ ಮೊದಲು ನೀವು ಕಾಣುತ್ತೀರಿ, ಅವಳ ತಪ್ಪುಗಳೂ ನಿಮಗೆ ಕಾಣುತ್ತವೆ. ಶಾಲೆಯ ಬ್ಯಾಗನ್ನು ಹ್ಯಾಂಡಲಿಗೆ ತೂಗುಹಾಕಲು ಬಿಡಬೇಡಿ, ತಿರುವಿನಲ್ಲಿ ಅದೇ ಎಳೆದು ಬೀಳಿಸುತ್ತದೆ. ಕ್ಯಾರಿಯರಿಗೆ ರಬ್ಬರ್ ಹಾಕಿ ಕಟ್ಟಿ. ಗೆಳತಿಯನ್ನು ಹಿಂದೆ ಕೂರಿಸಿಕೊಳ್ಳುವುದು ಈಗಲೇ ಬೇಡ ಅನ್ನಿ, ಕೇಳುವುದಿಲ್ಲ, ಆದರೂ ಅನ್ನಿ.